ಮೂರು ಏಣಿನ ಹುಲ್ಲು

1
ಚನ್ನರಾಯಪಟ್ಟಣ ಎಂದರೆ ಬಸ್ಸಿನಲ್ಲಿ ಪಕ್ಕದವರು ಹಾಸನ ಜಿಲ್ಲೆಯದು ಎಂದುಕೊಳ್ಳುತ್ತಾರೆ. ಇದು ದೇವನಹಳ್ಳಿ ತಾಲ್ಲೂಕಿನ ಹೋಬಳಿ. ನಾಡಕಚೇರಿ ಇದೆ. ಕೆರೆಗಳಿವೆ, ದ್ರಾಕ್ಷಿ ಚಪ್ಪರಗಳಿವೆ, ಹಿಪ್ಪುನೇರಳೆ ತೋಟಗಳಿವೆ. ತಲೆಯ ಮೇಲೆ ವಿಮಾನಗಳಿವೆ.

2
ಕೆರೆಯಂಗಳದಲ್ಲಿ ನೀರು ಹಿಂದಕ್ಕೆ ಸರಿದ ಕಡೆ ಒಂದು ಹುಲ್ಲು ಎದ್ದಿದೆ. ದೂರಕ್ಕೆ ಹುಲ್ಲೇ. ಕಾಂಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹೊರಳಿಸಿದರೆ ಸಲೀಸಾಗಿ ಹೊರಳುವುದಿಲ್ಲ, ತಡೆದು ತಡೆದು ತಿರುಗುತ್ತದೆ. ಮೂರು ಏಣು. ಇದು ಜೇಕು.

3
ಹುಲ್ಲಿನ ಕಾಂಡ ದುಂಡು, ಒಳಗೆ ಟೊಳ್ಳು, ಅಲ್ಲಲ್ಲಿ ಗಿಣ್ಣು. ಜೇಕಿನ ಕಾಂಡದಲ್ಲಿ ಗಿಣ್ಣು ಕಾಣುವುದಿಲ್ಲ, ಒಳಗೆ ತಿರುಳು ತುಂಬಿದೆ. ಹುಲ್ಲಿನ ಎಲೆಗಳು ಎರಡು ದಿಕ್ಕಿಗೆ ಹೋಗುತ್ತವೆ, ಜೇಕಿನವು ಮೂರು ದಿಕ್ಕಿಗೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಜೇಕು ಹುಲ್ಲೇ ಅಲ್ಲ. ಅದರ ಕುಟುಂಬ ಬೇರೆ, ಸೈಪರೇಸಿ. ಜಗತ್ತಿನಲ್ಲಿ ಸುಮಾರು 5,500 ಪ್ರಭೇದ.

4
ಏರಿಯ ಮೇಲೆ ಹಸು ಎಮ್ಮೆ ಮೇಯಿಸುತ್ತಿದ್ದ ಅಜ್ಜನನ್ನು ಕೇಳಿದ್ದು: ಇದನ್ನ ದನ ತಿನ್ನುತ್ತಾ?
"ಎಳೇದಾದ್ರೆ ಎಮ್ಮೆ ತಿಂತದೆ. ಹಸ ಮೂಸಿ ಬಿಡ್ತದೆ."
ಸ್ವಲ್ಪ ಹೊತ್ತಿನ ಮೇಲೆ: "ನೀವ್ಯಾಕೆ ಸ್ವಾಮಿ ಇದನ್ನ ಕಿತ್ಕೊತಾ ಇದೀರಿ?"

5
ಏರಿಯ ಈಚೆಯವರು ಜೇಕು ಎನ್ನುತ್ತಾರೆ. ಮನೆಯಲ್ಲಿ ತೆಲುಗು ಆಡುವವರು ತುಂಗ ಎನ್ನುತ್ತಾರೆ. ಹೊಲದಲ್ಲಿ ಬಂದರೆ ಇಬ್ಬರೂ ಕೊನ್ನಾರಿ ಎನ್ನುತ್ತಾರೆ. ಮುಖ ಬೇರೆ ಮಾಡಿಕೊಂಡು ಎನ್ನುತ್ತಾರೆ.

6
5,500ರಲ್ಲಿ ಸುಮಾರು 2,000 ಪ್ರಭೇದಗಳು ಒಂದೇ ಕುಲದವು: ಕ್ಯಾರೆಕ್ಸ್. ಅವುಗಳಲ್ಲಿ ಹೆಚ್ಚಿನವು ಚಳಿಯ ನಾಡಿನವು. ಲ್ಯಾಪ್‌ಲ್ಯಾಂಡಿನ ಜೌಗು, ಸೈಬೀರಿಯಾ, ಕೆನಡಾ, ಹಿಮಾಲಯದ ಮೇಲಿನ ಹುಲ್ಲುಗಾವಲು. ಚನ್ನರಾಯಪಟ್ಟಣದ ಕೆರೆಗಳಲ್ಲಿ ಕ್ಯಾರೆಕ್ಸ್ ಸಿಗಲಿಲ್ಲ. ಸಿಕ್ಕಿದ್ದು ಸೈಪರಸ್. ದಾಯಾದಿ.

7
ಕ್ಯಾರೆಕ್ಸ್ ವೆಸಿಕೇರಿಯಾ ಉತ್ತರದ ಜೌಗಿನಲ್ಲಿ ಬೆಳೆಯುವ ಜೇಕು. ಅದರ ಕಾಯಿಯ ಸುತ್ತ ಗಾಳಿ ತುಂಬಿದ ಸಣ್ಣ ಚೀಲವಿದೆ. ಸಾಮಿ ಜನ ಬೇಸಿಗೆಯಲ್ಲಿ ಅದನ್ನು ಕೊಯ್ದು, ಬಡಿದು, ಬಾಚಿ ಮೆತ್ತಗೆ ಮಾಡಿ, ಹೆಣೆದು ಸುರುಳಿ ಸುತ್ತಿ ಇಡುತ್ತಿದ್ದರು. ಚಳಿಗಾಲಕ್ಕೆ ಅದನ್ನು ಹಿಮಸಾರಂಗದ ಚರ್ಮದ ಬೂಟಿನೊಳಗೆ ತುಂಬುವುದು. ಕಾಲುಚೀಲದ ಬದಲು. ಸಂಜೆ ತೆಗೆದು ಒಣಗಿಸುವುದು, ಬೆಳಗ್ಗೆ ಮತ್ತೆ ತುಂಬುವುದು.

8
ಕಾರ್ಲ್ ಲಿನೇಯಸ್ 1732ರಲ್ಲಿ ಲ್ಯಾಪ್‌ಲ್ಯಾಂಡಿಗೆ ಹೋದ. ಇಪ್ಪತ್ತೈದರ ವಯಸ್ಸು. ಅಲ್ಲಿ ಬೂಟಿನೊಳಗಿನ ಜೇಕನ್ನು ನೋಡಿ ಬರೆದುಕೊಂಡ. 1737ರ 'ಫ್ಲೋರಾ ಲ್ಯಾಪೋನಿಕಾ'ದಲ್ಲಿ ಅದು ಅಚ್ಚಾಯಿತು. ಗಿಡಗಳ ಪಟ್ಟಿಯಲ್ಲಿ ಪಾದಗಳ ಕುರಿತು ಕೆಲವು ಸಾಲು.

9
ಕ್ಯಾಪ್ಟನ್ ಸ್ಕಾಟ್‌ನ ತಂಡ 1912ರ ಜನವರಿ 17ರಂದು ದಕ್ಷಿಣ ಧ್ರುವ ತಲುಪಿತು. ಅವರು ಕೊಂಡೊಯ್ದಿದ್ದ ತುಪ್ಪಳದ ಬೂಟುಗಳಿಗೂ ಒಳಗೆ ಜೇಕು. ಉತ್ತರದ ಜೌಗಿನಲ್ಲಿ ಕೊಯ್ದದ್ದು ಗಿಡವೇ ಇಲ್ಲದ ಮಂಜುಗಡ್ಡೆಯ ಮೇಲೆ ನಡೆಯಿತು.

10
1753. ಅದೇ ಲಿನೇಯಸ್, 'ಸ್ಪೀಸೀಸ್ ಪ್ಲಾಂಟಾರಮ್'. ಅದರಲ್ಲಿ ಸೈಪರಸ್ ರೊಟಂಡಸ್ ಎಂದು ಒಂದು ಗಿಡ. ನೆಲೆ: ಇಂಡಿಯಾ. ಲಿನೇಯಸ್ ಇಂಡಿಯಾಕ್ಕೆ ಬಂದವನಲ್ಲ. ಈ ಗಿಡವೇ ಚನ್ನರಾಯಪಟ್ಟಣದ ಹೊಲದ ಕೊನ್ನಾರಿ.

11
ನೆಲ ಹೆಪ್ಪುಗಟ್ಟಿದರೆ ಕೊನ್ನಾರಿಯ ಗೆಡ್ಡೆ ಸಾಯುತ್ತದೆ. ಲಿನೇಯಸ್‌ನ ಊರಿನಲ್ಲಿ ಅದು ಬದುಕುವುದಿಲ್ಲ.

12
ಕೊನ್ನಾರಿಯನ್ನು ಕೀಳುವುದು ಸುಲಭ, ಎಲೆ ಕೈಗೆ ಬರುತ್ತದೆ. ಗೆಡ್ಡೆ ಬರುವುದಿಲ್ಲ. ಗುದ್ದಲಿ ಹಾಕಿ ನಿಧಾನ ಬಿಡಿಸಿದರೆ ಕಪ್ಪು ದಾರದಂಥ ಕಾಂಡ ಕಾಣುತ್ತದೆ. ಅದರಲ್ಲಿ ಒಂದು ಗೆಡ್ಡೆ, ಒಂದಿಷ್ಟು ದಾರ, ಇನ್ನೊಂದು ಗೆಡ್ಡೆ, ಮತ್ತೆ ದಾರ. ಮಣಿಸರ ಬಿದ್ದು ಮಣ್ಣು ಮುಚ್ಚಿದ ಹಾಗೆ. ಕೆಲವು ಗೆಡ್ಡೆ ಕಡಲೆಕಾಯಿ ಬೀಜದಷ್ಟು, ಕೆಲವು ಅಡಿಕೆಯ ಹತ್ತಿರ. ಮೂಸಿದರೆ ಕರ್ಪೂರ ಮತ್ತು ಮಣ್ಣು.

13
ಸರದ ಒಂದು ಗೆಡ್ಡೆ ಮೊಳೆತು ಮೇಲೆ ಬಂದಿದ್ದರೆ ಉಳಿದವು ಸುಮ್ಮನಿರುತ್ತವೆ. ಅದು ಎಚ್ಚರವಿರುವಷ್ಟು ದಿನ ಇವು ಏಳುವುದಿಲ್ಲ. ನೇಗಿಲೋ ಟ್ರ್ಯಾಕ್ಟರಿನ ರೋಟವೇಟರೋ ಹಾದು ದಾರ ಕಡಿದಾಗ ಸುದ್ದಿ ನಿಲ್ಲುತ್ತದೆ. ಆಗ ಒಂದೊಂದೂ ಮೊಳೆಯುತ್ತದೆ.

14
ಉತ್ತ ಹೊಲದಲ್ಲಿ ಮಳೆಯಾದ ಮೇಲೆ ಕೊನ್ನಾರಿ ಮೊದಲಿಗಿಂತ ದಟ್ಟವಾಗಿತ್ತು. ರೈತ ನೋಡಿ ಏನೂ ಹೇಳಲಿಲ್ಲ. ಟ್ರ್ಯಾಕ್ಟರಿನ ಬಾಡಿಗೆ ಎಷ್ಟಾಯಿತು ಎಂದಷ್ಟೇ ಹೇಳಿದರು.

15
ಹಳೆಯ ಉಪಾಯ ಬೇರೆ. ಬಿರುಬೇಸಿಗೆಯಲ್ಲಿ ಆಳ ಉತ್ತು ಗೆಡ್ಡೆಯನ್ನು ಮೇಲೆ ಬಿಡುವುದು. ಬಿಸಿಲಿಗೆ ಒಂದೆರಡು ವಾರದಲ್ಲಿ ಒಣಗಿ ಸಾಯುತ್ತದೆ. ಕೊನ್ನಾರಿ ಬರ ತಡೆಯುತ್ತದೆ, ನೀರು ತಡೆಯುತ್ತದೆ, ಬೆಂಕಿ ತಡೆಯುತ್ತದೆ. ಗೆಡ್ಡೆಯ ಮೈಮೇಲೆ ನೇರ ಬಿಸಿಲು ಬಿದ್ದರೆ ಮಾತ್ರ ತಡೆಯುವುದಿಲ್ಲ. ನಡುವೆ ಒಂದು ಮುಂಗಾರು ಪೂರ್ವ ಮಳೆ ಬಿದ್ದರೆ ಉಪಾಯ ಕೆಟ್ಟಿತು.

16
1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಮೇಲೆ ಒಂದು ದಪ್ಪ ಪುಸ್ತಕ ಬರೆದರು. ಮೊದಲ ಸ್ಥಾನ ಸೈಪರಸ್ ರೊಟಂಡಸ್‌ಗೆ. 90ಕ್ಕೂ ಹೆಚ್ಚು ದೇಶ, 52 ಬೆಳೆ. ಗರಿಕೆ ಎರಡನೆಯದು.

17
ಎರಡನೆಯದನ್ನು ಗಣೇಶನಿಗೆ ಏರಿಸುತ್ತೇವೆ. ಚೌತಿಯ ಹಿಂದಿನ ದಿನ ಮಕ್ಕಳು ಬದುವಿನಿಂದ ಗರಿಕೆ ತರುತ್ತಾರೆ. ಅಜ್ಜಿ ಮೊರದಲ್ಲಿ ಹರಡಿ ಆರಿಸುತ್ತಾಳೆ. ಜೇಕು ಸೇರಿದ್ದರೆ ಹೊರಗೆ. ಕನ್ನಡಕ ಇಲ್ಲದೆ, ಬೆರಳಲ್ಲೇ ಗುರುತು ಹಿಡಿಯುತ್ತಾಳೆ.

18
2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಎಂಬ ಕಳೆನಾಶಕ ಸಿಂಪಡಿಸುವುದನ್ನು ಕೀಟ ನಿಯಂತ್ರಣ ಆಪರೇಟರುಗಳಿಗೆ ಮಾತ್ರ ಬಿಟ್ಟಿತು. ಔಷಧಿ ಹೊಡೆದ ಹೊಲದಲ್ಲಿ ಕೊನ್ನಾರಿಯ ಎಲೆ ಹಳದಿಯಾಗಿ ಮಲಗುತ್ತದೆ. ಸರದ ಕೊನೆಯ ಗೆಡ್ಡೆಗೆ ಔಷಧಿ ತಲುಪದೆ ಹೋಗುವುದೂ ಉಂಟು.

19
ಜೇಕಿನ ಪರಾಗದಲ್ಲಿ ಒಂದು ವಿಚಿತ್ರ. ಬೇರೆ ಹೆಚ್ಚಿನ ಗಿಡಗಳಲ್ಲಿ ಒಂದು ತಾಯಿಕೋಶ ಒಡೆದು ನಾಲ್ಕು ಪರಾಗ ಕಣಗಳಾಗುತ್ತವೆ. ಜೇಕಿನ ಕುಟುಂಬದಲ್ಲಿ ನಾಲ್ಕರಲ್ಲಿ ಮೂರು ಕೋಶಕೇಂದ್ರಗಳು ಒಂದು ಮೂಲೆಗೆ ಸರಿದು ಅಲ್ಲೇ ಸಾಯುತ್ತವೆ. ಒಂದು ಮಾತ್ರ ಉಳಿಯುತ್ತದೆ. ಯಾಕೆ ಇಷ್ಟು ಖರ್ಚು? ಲ್ಯಾಪ್‌ಲ್ಯಾಂಡಿನ ಕ್ಯಾರೆಕ್ಸ್‌ನಲ್ಲೂ ಹೀಗೆಯೇ, ಇಲ್ಲಿನ ಸೈಪರಸ್‌ನಲ್ಲೂ ಹೀಗೆಯೇ.

20
ಇಷ್ಟೆಲ್ಲ ಆಗಿ ಕೊನ್ನಾರಿ ಮೊಳೆಯುವ ಬೀಜ ಬಿಡುವುದೇ ಅಪರೂಪ.

21
ಸುಡಾನಿನಲ್ಲಿ ಬಿಳಿ ನೈಲ್ ನದಿಯ ದಡದಲ್ಲಿ ಅಲ್ ಖಿದಾಯ್ ಎಂಬ ಹಳೆಯ ಸಮಾಧಿ ಸ್ಥಳವಿದೆ. ಅಲ್ಲಿನ ಅಸ್ಥಿಪಂಜರಗಳ ಹಲ್ಲಿನ ಪಾಚಿಯನ್ನು ಕೆರೆದು ಪರೀಕ್ಷಿಸಿದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಲ್ಲಿನವರು ಸಾವಿರಾರು ವರ್ಷ ಸೈಪರಸ್ ರೊಟಂಡಸ್ ಗೆಡ್ಡೆ ತಿಂದಿದ್ದರು, ಬೇಸಾಯ ಬರುವ ಮೊದಲೂ, ಬಂದ ಮೇಲೂ. ಅವರ ಹಲ್ಲುಗಳಲ್ಲಿ ಹುಳುಕು ಕಡಿಮೆ. ಹುಳುಕು ಹಿಡಿಸುವ ಬ್ಯಾಕ್ಟೀರಿಯಾವನ್ನು ಈ ಗೆಡ್ಡೆ ತಡೆಯುತ್ತದೆ, ಅದೇ ಕಾರಣ ಇರಬಹುದು ಎಂದು ಪರೀಕ್ಷಿಸಿದವರ ಊಹೆ.

22
ಒಂದು ಗೆಡ್ಡೆ ತೊಳೆದು ಕಚ್ಚಿದೆ. ಮೊದಲು ಕಹಿ. ಆಮೇಲೆ ನಾಲಿಗೆ ತಣ್ಣಗೆ. ಸುಡಾನಿನವರು ಊಟಕ್ಕೆ ತಿಂದರೋ ಔಷಧಿಗೆ ತಿಂದರೋ ಗೊತ್ತಾಗಲಿಲ್ಲ.

23
ಹಂದಿಗೆ ಇಷ್ಟ. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ, ರಾಜ ಬೇಟೆ ನಿಲ್ಲಿಸಿದ ಮೇಲೆ, ಕಾಡುಹಂದಿಗಳು ಹೊಂಡದಲ್ಲಿ ನೆಮ್ಮದಿಯಾಗಿ ಕೊನ್ನಾರಿ ಗೆಡ್ಡೆ ಅಗೆಯುವ ಮಾತಿದೆ. ಅಲ್ಲಿ ಅದರ ಹೆಸರು ಮುಸ್ತಾ. ಆಯುರ್ವೇದದಲ್ಲೂ ಅದೇ ಹೆಸರು. ಜ್ವರಕ್ಕೆ ಕೊಡುವ ಷಡಂಗ ಪಾನೀಯದ ಆರು ಮೂಲಿಕೆಗಳಲ್ಲಿ ಇದೊಂದು.

24
ಗ್ರಂಧಿಗೆ ಅಂಗಡಿಯಲ್ಲಿ ಹೆಸರು ಭದ್ರಮುಷ್ಟಿ. ಸ್ನಾನದ ಪುಡಿಗೆ ಕಚೋರ, ಮೆಂತ್ಯ, ಕಡಲೆಹಿಟ್ಟಿನ ಜೊತೆ ಹಾಕುತ್ತಾರೆ. ಅಗರಬತ್ತಿಗೂ ಹೋಗುತ್ತದೆ. ಹೊಲದಲ್ಲಿ ತೆಗೆಯಲು ಕೂಲಿ ಕೊಡಬೇಕು. ಅಂಗಡಿಯಲ್ಲಿ ತೆಗೆದುಕೊಳ್ಳಲೂ ಕಾಸು ಕೊಡಬೇಕು.

25
ನರ್ಸರಿಯಲ್ಲಿ ಕುಂಡದಲ್ಲಿ ಒಂದು ಜೇಕು. ಉದ್ದ ಕಾಂಡ, ತುದಿಯಲ್ಲಿ ಕೊಡೆಯಂತೆ ಎಲೆ. ಅಂಬ್ರೆಲಾ ಪಾಮ್ ಎಂದು ಚೀಟಿ ಅಂಟಿಸಿದ್ದಾರೆ. ಪಾಮ್ ಅಲ್ಲ, ಸೈಪರಸ್ಸೇ. ಪಕ್ಕದ ಕುಂಡದಲ್ಲಿ ಕಳೆಯಾಗಿ ಎದ್ದಿದ್ದ ಕೊನ್ನಾರಿಯನ್ನು ಮಾಲಿ ಕಿತ್ತು ಹಾಕಿದ. ಇದಕ್ಕೆ ನೀರು ಹಾಕಿದ.

26
ಜೇಕಿನ ಕಾಂಡವನ್ನು ಇಬ್ಬರು ಎರಡು ತುದಿಯಿಂದ ಸೀಳುತ್ತ ಬಂದರೆ, ಸೀಳಿದ ಏಣು ಬೇರೆ ಬೇರೆಯಾದರೆ, ನಡುವೆ ಒಂದು ಚೌಕ ತೆರೆದುಕೊಳ್ಳುತ್ತದೆ. ಜಪಾನಿನ ಮಕ್ಕಳು ಆಡುವ ಆಟ. ಅವರಿಗೆ ಅದು ಸೊಳ್ಳೆ ಪರದೆ. ಏರಿಯ ಮೇಲೆ ಇಬ್ಬರು ಹುಡುಗರಿಗೆ ತೋರಿಸಿದೆ. ಅವರು ಬೇಗ ಕಲಿತರು. "ಇದು ಸೈಟು" ಎಂದ ಒಬ್ಬ.

27
ಕೆರೆಯ ಗೋಡು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೊಲಕ್ಕೆ ಹೊಡೆಯುವ ಮಣ್ಣು. ಹಿಂದೆ ಗಾಡಿಯಲ್ಲಿ, ಈಗ ಟಿಪ್ಪರಿನಲ್ಲಿ. ರಾಗಿಗೆ ಒಳ್ಳೆಯದು, ಎರಡು ಮೂರು ವರ್ಷ ಗೊಬ್ಬರ ಬೇಡ ಎನ್ನುತ್ತಾರೆ. ಗೋಡು ಹೊಡೆದ ಹೊಲದಲ್ಲಿ ಆ ವರ್ಷ ಕೆರೆಯ ಜೇಕುಗಳೂ ಹುಟ್ಟುತ್ತವೆ. ಸಣ್ಣವು, ಎತ್ತರದವು, ಹಳದಿ ತೆನೆಯವು, ಕಂದು ತೆನೆಯವು. ಮುಂದಿನ ವರ್ಷಕ್ಕೆ ಹೆಚ್ಚಿನವು ಇರುವುದಿಲ್ಲ. ಕೊನ್ನಾರಿ ಇರುತ್ತದೆ.

28
ಚಾರ್ಲ್ಸ್ ಡಾರ್ವಿನ್ ಒಂದು ಫೆಬ್ರುವರಿಯಲ್ಲಿ ಕೊಳದ ಅಂಚಿನಿಂದ ಮೂರು ದೊಡ್ಡ ಚಮಚ ಮಣ್ಣು ತಂದ. ಒಣಗಿದಾಗ ತೂಕ 6¾ ಔನ್ಸ್. ತನ್ನ ಓದುವ ಕೋಣೆಯಲ್ಲಿ ಮುಚ್ಚಿಟ್ಟು ಆರು ತಿಂಗಳು ಕಾದ. ಗಿಡ ಹುಟ್ಟಿದಂತೆಲ್ಲ ಕಿತ್ತು ಎಣಿಸಿದ. 537. ಎಲ್ಲವೂ ಒಂದು ತಿಂಡಿ ಬಟ್ಟಲಿನಲ್ಲಿ ಹಿಡಿಸುವಷ್ಟು ಮಣ್ಣಿನಿಂದ. ನೀರುಹಕ್ಕಿಗಳು ಬೀಜ ಹೊತ್ತೊಯ್ಯದಿದ್ದರೇ ಆಶ್ಚರ್ಯ ಎಂಬುದು 1859ರ ಪುಸ್ತಕದಲ್ಲಿ ಅವನ ವಾದ.

29
ಟಿಪ್ಪರ್ ಒಂದು ಸಲಕ್ಕೆ ಎಷ್ಟು ಚಮಚ ಒಯ್ಯುತ್ತದೆ?

30
ಯುರೋಪಿನಲ್ಲಿ ಬಾತುಗಳ ಹಿಕ್ಕೆಯನ್ನು ಒದ್ದೆ ಮಣ್ಣಲ್ಲಿಟ್ಟು ನೋಡಿದ್ದಾರೆ. ಜೇಕು ಮೊಳೆತಿದೆ. ಚಳಿಗಾಲದಲ್ಲಿ ಬೆಂಗಳೂರು ಸುತ್ತಿನ ಕೆರೆಗಳಿಗೆ ಸೂಜಿಬಾಲದ ಬಾತು ಉತ್ತರದಿಂದ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಅವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖಿನ ಜೌಗುಗಳಲ್ಲಿ, ಕ್ಯಾರೆಕ್ಸ್ ನಡುವೆ. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಹಕ್ಕಿ ಬರುತ್ತದೆ, ಬೀಜವೂ ಬಂದೀತು. ಆದರೆ ಉತ್ತರದ ಜೇಕು ಇಲ್ಲಿ ನೆಲೆ ನಿಂತಿಲ್ಲ.

31
ಕ್ಯಾರೆಕ್ಸ್ ದಕ್ಷಿಣಕ್ಕೆ ಬಂದೇ ಇಲ್ಲ ಎಂದಲ್ಲ. ಪಶ್ಚಿಮ ಘಟ್ಟದ ಎತ್ತರದಲ್ಲಿ, ಶೋಲಾ ಕಾಡಿನ ಅಂಚಿನಲ್ಲಿ ಕೆಲವು ಇವೆ. ಕ್ಯಾರೆಕ್ಸ್ ಬಕಾನ್ಸ್ ಎಂಬುದರ ಕಾಯಿ ಕೆಂಪು, ಜೇಕಿಗೆ ಒಗ್ಗದ ಬಣ್ಣ. ಅದಕ್ಕೆ 1834ರಲ್ಲಿ ಹೆಸರಿಟ್ಟವನು ನೀಸ್ ಎಂಬ ಜರ್ಮನ್, ಕುಳಿತದ್ದು ಬ್ರೆಸ್ಲಾವಿನಲ್ಲಿ. ಒಣಗಿದ ಗಿಡ ಒದಗಿಸಿದವನು ರಾಬರ್ಟ್ ವೈಟ್, ಮದ್ರಾಸಿನ ಕಂಪನಿ ಸರ್ಕಾರದ ವೈದ್ಯ.

32
ನೀಲಗಿರಿಯ ತಗ್ಗು ಜೌಗುಗಳಲ್ಲಿ ಪೀಟ್ ಇದೆ: ಹುಲ್ಲು ಜೇಕು ಕೊಳೆಯದೆ ಸಾವಿರಾರು ವರ್ಷ ಪದರಗಟ್ಟಿದ ಕಪ್ಪು ಮಣ್ಣು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅದನ್ನು ಪದರ ಪದರವಾಗಿ ತೆಗೆದು ಇಂಗಾಲದ ಐಸೊಟೋಪ್ ಅಳೆದರು. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಒಣ ಕಾಲದಲ್ಲಿ ಒಂದು ಬಗೆಯ ಸಸ್ಯಗಳು ಹೆಚ್ಚು, ತೇವದ ಕಾಲದಲ್ಲಿ ಇನ್ನೊಂದು ಬಗೆಯವು. ಮಳೆ ಅಳೆಯುವವರು ಯಾರೂ ಇಲ್ಲದ ಸುಮಾರು 20,000 ವರ್ಷಗಳ ಮುಂಗಾರಿನ ಲೆಕ್ಕ ಅಲ್ಲಿ ಸಿಕ್ಕಿತು.

33
ದೇವನಹಳ್ಳಿಯ ಕೆರೆಗಳಲ್ಲಿ ಪೀಟ್ ಇಲ್ಲ. ಬೇಸಿಗೆಯಲ್ಲಿ ಒಣಗುತ್ತವೆ, ಎಲ್ಲ ಕೊಳೆತು ಹೋಗುತ್ತದೆ, ಉಳಿದದ್ದನ್ನು ಗೋಡು ಎಂದು ಒಯ್ಯುತ್ತಾರೆ.

34
ಈಗ ಕೆಲವು ಕೆರೆಗಳು ಒಣಗುವುದಿಲ್ಲ. ಹೆಬ್ಬಾಳ ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಈ ಕಡೆಗೆ ಪಂಪ್ ಮಾಡುತ್ತಾರೆ. ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ ಸೇರಿ 65 ಕೆರೆಗಳು, ದಿನಕ್ಕೆ 210 ದಶಲಕ್ಷ ಲೀಟರ್ ಎಂಬುದು ಯೋಜನೆಯ ಲೆಕ್ಕ. ಅಂಥ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತದೆ. ಅದು ಜೊಂಡಿಗೆ ಒಗ್ಗುತ್ತದೆ. ಜೊಂಡು ಆಳಿನ ಎತ್ತರ ಬೆಳೆಯುತ್ತದೆ, ಕಂದು ಕದಿರು ಬಿಡುತ್ತದೆ. ಜೊಂಡು ಜೇಕಲ್ಲ. ನೀರು ಏರುತ್ತ ಇಳಿಯುತ್ತ ಇದ್ದರೆ ಅಂಚಿನಲ್ಲಿ ಜೇಕು. ನೀರು ಒಂದೇ ಮಟ್ಟಕ್ಕೆ ನಿಂತರೆ ಜೊಂಡು.

35
ಈ ಎರಡು ವಾಕ್ಯ ಎಲ್ಲ ಕೆರೆಗೂ ಹೊಂದುವುದಿಲ್ಲ. ತೂಬಿನ ಹತ್ತಿರ ಎರಡೂ ಒಟ್ಟಿಗೆ ಇದ್ದವು.

36
ಚಾಪೆ. ಇಲ್ಲಿನ ಹಳೆಯ ಮನೆಗಳಲ್ಲಿ ಈಚಲು ಚಾಪೆ. ಜೇಕಿನ ಚಾಪೆ ತಮಿಳುನಾಡಿನದು. ತಿರುನೆಲ್ವೇಲಿಯ ಪತ್ತಮಡೈಯಲ್ಲಿ ಕೋರೈ ಎಂಬ ಜೇಕನ್ನು ಸೀಳಿ ಮಡಿಸಬಲ್ಲಷ್ಟು ನವುರಾಗಿ ನೇಯುತ್ತಾರೆ. ಇಲ್ಲಿನ ಜೇಕಿನಿಂದ ಚಾಪೆ ಯಾಕೆ ಮಾಡಲಿಲ್ಲ ಎಂದು ಅಜ್ಜಿಯನ್ನು ಕೇಳಿದೆ. "ಈಚಲು ಇತ್ತಲ್ಲ" ಎಂದಳು. ಈಗ ಮನೆಯಲ್ಲಿರುವುದು ಪ್ಲಾಸ್ಟಿಕ್ ಚಾಪೆ.

37
ಪಹಣಿಯಲ್ಲಿ ಬೆಳೆಗೆ ಜಾಗವಿದೆ: ರಾಗಿ, ದ್ರಾಕ್ಷಿ, ಹಿಪ್ಪುನೇರಳೆ. ಬೆಳೆಯಲಾಗದ ನೆಲಕ್ಕೂ ಜಾಗವಿದೆ: ಖರಾಬು, ಅದರಲ್ಲಿ ಅ ಮತ್ತು ಬ. ಜೇಕು ಎರಡು ಕಡೆಯೂ ಬೆಳೆಯುತ್ತದೆ. ಎರಡು ಕಡೆಯೂ ಬರೆದಿಲ್ಲ.

38
2022ರ ಏಪ್ರಿಲ್ 4ರಂದು ಚನ್ನರಾಯಪಟ್ಟಣದ ನಾಡಕಚೇರಿ ಮುಂದೆ ರೈತರು ಧರಣಿ ಕೂತರು. ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ಸ್ವಾಧೀನ ಮಾಡಿಕೊಳ್ಳುವುದು ಬೇಡ ಎಂದು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟೆವು ಎಂದರು. ತಾವಾಗಿ ಕೊಡುವವರ ಜಮೀನನ್ನು ತೆಗೆದುಕೊಳ್ಳುತ್ತೇವೆ ಎಂದೂ ಸೇರಿಸಿದರು. ನಡುವೆ 1,198 ದಿನ.

39
ಅಷ್ಟು ದಿನದಲ್ಲಿ ಮೂರು ಮುಂಗಾರು ಮುಗಿದು ನಾಲ್ಕನೆಯದು ನಡೆದಿತ್ತು.

40
ಕರ್ನಾಟಕದ ಜೇಕುಗಳ ಮೇಲೆಯೇ ಒಂದು ಪುಸ್ತಕವಿದೆ, ಪ್ರಸಾದ್ ಮತ್ತು ಸಿಂಗ್ ಬರೆದದ್ದು, 2002ರದು. ಅಚ್ಚಾದದ್ದು ಜೋಧಪುರದಲ್ಲಿ, ಮರುಭೂಮಿಯ ಅಂಚಿನಲ್ಲಿ.

41
ಬಡಾವಣೆಯ ಹುಲ್ಲುಹಾಸಿನಲ್ಲಿ ನಾಲ್ಕು ಜನ ಹೆಂಗಸರು ಸಾಲಾಗಿ ಕೂತು ಕೊನ್ನಾರಿ ಕೀಳುತ್ತಿದ್ದರು. ಹಾಸಿನ ಹುಲ್ಲು ಲಾರಿಯಲ್ಲಿ ಬಂದದ್ದು. ಕೆಳಗೆ ಹಾಕಿದ ಮಣ್ಣು ಯಾವುದೋ ಕೆರೆಯದು. "ಇದು ನಮ್ ಹೊಲ್ದಾಗೂ ಇದೇ ತರ ಬರ್ತಿತ್ತು" ಎಂದಳು ಒಬ್ಬಳು. ಹೊಲ ಎಲ್ಲಿ ಎಂದು ಕೇಳಿದ್ದಕ್ಕೆ ಕುಳಿತ ಜಾಗದಿಂದಲೇ ಗೇಟಿನ ಕಡೆ ಗದ್ದ ಎತ್ತಿದಳು. ಕಿತ್ತದ್ದೆಲ್ಲ ಎಲೆ. ಬುಟ್ಟಿಯಲ್ಲಿ ಗೆಡ್ಡೆ ಒಂದೂ ಇರಲಿಲ್ಲ.

42
ದೇವನಹಳ್ಳಿ ಪೇಟೆಯಲ್ಲಿ ಗ್ರಂಧಿಗೆ ಅಂಗಡಿ. ಭದ್ರಮುಷ್ಟಿ ಕೇಳಿದೆ. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರು. ಒಣಗಿ ಕಪ್ಪಾದ, ಕೂದಲು ಸುಟ್ಟು ತೆಗೆದ ಗೆಡ್ಡೆ, ಅದೇ ವಾಸನೆ. ಎಲ್ಲಿಂದ ಬರುತ್ತೆ ಎಂದೆ.
"ಮಧ್ಯಪ್ರದೇಶ ಕಡೆಯಿಂದ, ಸಾರ್. ನಮ್ ಕಡೆ ಇದೆಲ್ಲ ಬೆಳೆಯಲ್ಲ."